ಒಂದೇ ಲಾಗಿನ್, ಮೂರೇ ಸಲ

ನಮ್ಮ ಆಫೀಸಿಗೂ ಸಿಂಗಲ್ ಸೈನ್ ಆನ್ ಬಂತ್ರಿ. ಟೇಪ್ ಕಟ್ ಆಯ್ತು, ಪೇಢೆ ಹಂಚಿದ್ರು, ಇನ್ಮ್ಯಾಲ ಒಂದೇ ಪಾಸ್‌ವರ್ಡ್ ಅಂತ ಸಾಹೇಬ್ರು ಭಾಷಣಾನೂ ಮಾಡಿದ್ರು. ಮರುದಿನ ಪೋರ್ಟಲ್‌ನಾಗ ಪಾಸ್‌ವರ್ಡ್ ಹಾಕ್ದೆ, ಒಟಿಪಿ ಹಾಕ್ದೆ, ಹಸಿರು ಟಿಕ್ ಬಂತು, ಖುಷಿಲೆ ಪೋರ್ಟಲ್‌ನಾಗಿನ ಡೆಸ್ಕ್‌ಟಾಪ್ (ದೂರದ ಸರ್ವರ್‌ನಾಗ ನಡಿಯೋ ಕಂಪ್ಯೂಟರ್) ಒತ್ತಿದ್ರ ಅಲ್ಲಿ ವಿಂಡೋಸ್ ಅಡ್ಡ ಕುಂತು ಪಾಸ್‌ವರ್ಡ್ ಕೇಳ್ತದ, ಅದನ್ನ ದಾಟಿದ್ರ ಒಳಗಿನ ಫೈಲ್ ಆ್ಯಪ್ ಮತ್ತ ಕೇಳ್ತದ.

ಮದಿವಿ ಮನ್ಯಾಗ ಬಾಗಿಲಿಗೇ ಪನ್ನೀರು ಹೊಡೆದು ಬರ್ರಿ ಬರ್ರಿ ಅಂತ ಒಳಗ ಕರಕೊಂಡು, ಎಲಿ ಮುಂದ ಕುಂತ ಮ್ಯಾಲ ಹುಗ್ಗಿ ಬಡಸಾವ ‘ನೀವು ಯಾರ ಕಡೆಯವ್ರು’ ಅಂದ್ರ ಹೆಂಗ್ರಿ? ಅವಂಗ ಹೇಳಿ ಮುಗಿಸೋದ್ರಾಗ ತುಪ್ಪ ಹಾಕಾವ ಲಗ್ನಪತ್ರಿಕಿ ತೋರಸ್ರಿ ಅಂತ ನಿಂತ.

ಕಂಪನಿ ಹುಡುಗಗ ಕೇಳ್ದೆ. ಪಾಪ, ಚೊಲೋ ತಿಳಿಸಿದ. ಪೋರ್ಟಲ್ ನಡಿಯೋದು ಸ್ಯಾಮಲ್ (SAML) ಅನ್ನೋ ಗುರುತು ಹೇಳೋ ಪದ್ಧತಿ ಮ್ಯಾಲ, ಅದು ‘ಇವರು ನಮ್ಮವ್ರೇ’ ಅಂತ ಚೀಟಿ ಕೊಡ್ತದ, ಪಾಸ್‌ವರ್ಡ್ ಕೊಡಲ್ಲ. ವಿಂಡೋಸ್‌ಗ ಆ ಚೀಟಿ ಓದ್ಲಿಕ್ಕ ಬರಲ್ಲ. ನಡುವ ಒಂದು ಸರ್ವರ್ ಕುಂದ್ರಿಸಿದ್ರ ಅದು ಚೀಟಿ ನೋಡಿ ನಮ್ಮ ಹೆಸರಿಲೆ ತಾತ್ಕಾಲಿಕ ಸರ್ಟಿಫಿಕೇಟ್ ಮಾಡಿ ಒಳಗ ಬಿಡಸ್ತದ, ಇಂಥ ಡೆಸ್ಕ್‌ಟಾಪ್ ನಡಸೋ ಸಾಫ್ಟ್‌ವೇರ್‌ಗಳ ಪೈಕಿ ಸಿಟ್ರಿಕ್ಸ್‌ನಾಗ ಅದಕ್ಕ ಎಫ್‌ಎಎಸ್ ಅಂತಾರ, ಹೊರೈಜನ್‌ನಾಗ ಟ್ರೂ ಎಸ್‌ಎಸ್‌ಒ.

‘ಮತ್ತ ಕುಂದ್ರಸ್ರಲ್ಲ?’

‘ಅದು ಟೆಂಡರ್‌ದಾಗ ಇಲ್ರಿ ಸರ್.’

ಪೇಢೆ ಇತ್ತೇನೋ.

ಇನ್ನೊಂದು ಮಜಾ ಕೇಳ್ರಿ. ವಿಂಡೋಸ್ ಒಳಗಿನ ಕಾವಲುಗಾರನ ಹೆಸರು ಕೆರ್ಬೆರೋಸ್, ಗ್ರೀಕರ ಕಥ್ಯಾಗಿನ ಮೂರು ತಲಿ ನಾಯಿದು. ಕಂಪ್ಯೂಟರ್ ಗಡಿಯಾರ 5 ನಿಮಿಷಕ್ಕಿಂತ ಹೆಚ್ಚು ಹಿಂದ ಮುಂದ ಆದ್ರ ಆ ನಾಯಿ ಒಳಗ ಬಿಡಲ್ಲ. ನಮ್ಮ ಸೆಕ್ಷನ್‌ನಾಗ ಮನಷ್ಯಾರು ಮುಕ್ಕಾಲು ತಾಸು ತಡಾ ಬಂದ್ರೂ ಯಾರೂ ಕೇಳಲ್ಲ, ನನ್ನ ಹಳೇ ಡಬ್ಬಿ 7 ನಿಮಿಷ ಹಿಂದ ಇತ್ತು, ಇಡೀ ಮುಂಜಾನಿ ಹೊರಗ ನಿಂತಿತು. ಆಫೀಸ್‌ನಾಗ ಶಿಸ್ತು ಅಂತ ಇದ್ರ ಅದು ಆ ನಾಯಿಗೊಂದೇ. ಹಂಗೇ, ಊರು ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕ, ಯೂಸರ್‌ನೇಮ್‌ನಾಗ ಇನ್ನೂ ಗುಲ್ಬರ್ಗಾನೇ ಅದ. ಅದನ್ನ ಬದಲಿ ಮಾಡಿದ್ರ ‘ಎಲ್ಲಾ ಕೆಡ್ತದ್ರಿ’ ಅಂತಾರ. ಈಗೇನು ಬಾಳ ಚೊಲೋ ನಡದದ ಅನ್ನೋ ಹಂಗ.

ನಗೋದು ಸಾಕಾಯ್ತ್ರಿ. ಮೇ ತಿಂಗಳು, ಬಿಸಿಲಿಗಂತ ಆಫೀಸು ಮುಂಜಾನೆ 8ರಿಂದ ಮಧ್ಯಾಹ್ನ 1:30ರ ತನಕ. ಅಷ್ಟ್ರಾಗ ಅರ್ಧ ತಾಸು ಬರೀ ಬಾಗಿಲು ಬಡಿಯೋದ್ರಾಗ ಹೋಗ್ತದ. ಅಫಜಲಪುರ ಕಡಿಂದ ಮೊದಲನೇ ಬಸ್ಸಿಗೆ ಬಂದ ಮುದುಕಿಗೆ ಮೂರನೇ ದಿನಾನೂ ನಾಳೆ ಬಾ ಅಂತ ಹೇಳಬೇಕಾದಾವ ನಾನು. ಬೈಸ್ಕೊಳ್ಳಾವನೂ ನಾನೇ. ಟೇಪ್ ಕಟ್ ಮಾಡ್ದವ್ರು ಎಸಿ ರೂಮಿನ್ಯಾಗ ಅದಾರ, ಅವರ ಲಾಗಿನ್ ಅವರ ಪಿಎನೇ ಮಾಡ್ತಾನ.

ನಿನ್ನಿ ಆ ಮುದುಕಿ ಕಿಡಕ್ಯಾಗಿಂದ ನನ್ನ ಸ್ಕ್ರೀನ್ ಬಗ್ಗಿ ನೋಡಿ, ಸೆರಗಿಗೆ ಹೆಬ್ಬಟ್ಟು ಒರಸ್ಕೊಂಡು ಒಳಗ ಚಾಚಿದ್ಳು.

‘ನಂದು ಹಚ್ಚಿ ನೋಡೋ ಯಪ್ಪಾ, ರೇಷನ್ ಅಂಗಡ್ಯಾಗ ಎರಡನೇ ಸಲಕ್ಕ ತೊಗೋತದ.’