ನಲ್ಲಿಗೆ ಮಂಗಳಾರತಿ

ಮೊನ್ನೆ ಮಾಲ್ ಒಂದರ ಶೌಚಾಲಯದಲ್ಲಿ ನಾವು ಐದು ಜನ ಸಾಲಾಗಿ ನಿಂತು ನಲ್ಲಿಗಳಿಗೆ ಆರತಿ ಎತ್ತುತ್ತಿದ್ದೆವು. ಕೈತುಂಬ ಸೋಪಿನ ನೊರೆ. ನಲ್ಲಿಗೆ ತಿರುಪು ಇಲ್ಲ, ಸೆನ್ಸರ್ ಇದೆ. ಎಡಗಡೆಯ ಹಿರಿಯರು ತೀರ್ಥಕ್ಕೆ ಕಾಯುವವರಂತೆ ಬೊಗಸೆ ಒಡ್ಡಿದ್ದರು. ಬಲಗಡೆಯ ಹುಡುಗ ನೊಣ ಓಡಿಸುವಂತೆ ಕೈ ಬೀಸುತ್ತಿದ್ದ. ನಾನು ಕೈ ಚಾಚಿದರೆ ಒಂದು ಉದ್ಧರಣೆಯಷ್ಟು ನೀರು, ಹಿಂದಕ್ಕೆ ಎಳೆದುಕೊಂಡರೆ ಧಾರಾಕಾರ. ಮೂಲೆಯ ನಲ್ಲಿಯೊಂದು ಮಾತ್ರ ಯಾರೂ ಕರೆಯದಿದ್ದರೂ ಸುರಿಯುತ್ತಿತ್ತು. ಗೋಡೆಯ ಮೇಲೆ 'ಮುಟ್ಟದೆ ಬಳಸಿ' ಎಂಬ ಫಲಕ. ಮುಟ್ಟಬೇಡಿ ಎಂಬ ಪಾಠ ಹೇಳಲು ಈ ದೇಶಕ್ಕೆ ಸೆನ್ಸರ್ ಬೇಕಿರಲಿಲ್ಲ, ಬಿಡಿ.

ಗುಂಡಿ, ತಿರುಪು, ಪರದೆಗಳನ್ನೆಲ್ಲ ಬಿಟ್ಟು ಕೈಸನ್ನೆಯಲ್ಲೇ ಎಲ್ಲವನ್ನೂ ನಡೆಸುವುದು ಡಿಜಿಟಲ್ ವಿನ್ಯಾಸದ ಭವಿಷ್ಯವಂತೆ. ಆ ಭವಿಷ್ಯಕ್ಕೆ ಆಗಲೇ ತಲೆ ನರೆತಿದೆ. 2010ರಲ್ಲಿ ಮೈಕ್ರೋಸಾಫ್ಟ್, ಮೈಯ ಚಲನೆ ನೋಡಿ ವಿಡಿಯೊ ಗೇಮ್ ಆಡಿಸುವ ಕಿನೆಕ್ಟ್ ಎಂಬ ಸಾಧನ ತಂದು ಜನರನ್ನು ಟಿವಿಯ ಮುಂದೆ ಕುಣಿಸಿತು. 2017ರಲ್ಲಿ ಅದರ ತಯಾರಿಕೆಯನ್ನೇ ನಿಲ್ಲಿಸಿತು. 2019ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 4 ಫೋನಿನೊಳಗೆ ರೇಡಾರ್ ಕೂರಿಸಿತು. ಹಾಡು ಬದಲಿಸಲು ಗಾಳಿಯಲ್ಲಿ ಕೈ ಬೀಸಿದರೆ ಸಾಕು. ಆ ರೇಡಾರಿಗೆ ಬೇಕಾದ 60 ಗಿಗಾಹರ್ಟ್ಸ್ ರೇಡಿಯೊ ತರಂಗಗಳ ಬಳಕೆಗೆ ಭಾರತದಲ್ಲಿ ಅನುಮತಿ ಸಿಗದೆ ಫೋನೇ ಇಲ್ಲಿಗೆ ಬರಲಿಲ್ಲ. ಮರುವರ್ಷದ ಪಿಕ್ಸೆಲ್ 5ರಲ್ಲಿ ರೇಡಾರ್ ಮಾಯ! ಸರ್ಕಾರಿ ಕಡತ ಮುಂದೆ ಸರಿಯದೆ ಪ್ರಜೆಗಳ ದುಡ್ಡು ಉಳಿದ ಅಪರೂಪದ ಪ್ರಸಂಗವಿದು.

ನಮ್ಮ ಭಾವನವರ ಹೊಸ ಕಾರಿನಲ್ಲಿ ಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ಹಾಡಿನ ಸದ್ದು ಏರುತ್ತದೆ. ಭಾವನವರಿಗೋ ಕೈ ಆಡಿಸದೆ ಮಾತೇ ಹೊರಡದು. "ಖಾತೆ ಬದಲಾವಣೆಗೆ ಆ ಮಹಾನುಭಾವ ನನ್ನನ್ನು ಹೀಗೆ ಸುತ್ತಿಸಿದ" ಎಂದು ತೋರುಬೆರಳನ್ನು ನಾಲ್ಕು ಸುತ್ತು ತಿರುಗಿಸಿದ್ದೇ ತಡ, ಮೆಲ್ಲಗೆ ಹಾಡಿಕೊಂಡಿದ್ದ ದೇವರನಾಮ ಊರ ಜಾತ್ರೆಯ ಮೈಕಾಯಿತು. ಹಿಂದಿನ ಸೀಟಿನಿಂದ ಅಕ್ಕ, "ರೀ, ಕೈ ಕಟ್ಟಿಕೊಂಡು ಮಾತನಾಡಿ" ಎಂದಳು. ಕಾರು ಓಡಿಸುತ್ತಿದ್ದವರಿಗೆ!

ತಲೆಯನ್ನೂ ಬಿಟ್ಟಿಲ್ಲ. ಆಪಲ್ 2024ರಲ್ಲಿ ಕಿವಿಗೆ ಸಿಕ್ಕಿಸಿಕೊಳ್ಳುವ ತನ್ನ ಏರ್‌ಪಾಡ್ಸ್‌ಗೆ ತಲೆಯಾಡಿಸುವ ಭಾಷೆ ಕಲಿಸಿತು. ಮೇಲೆ ಕೆಳಗೆ ಆಡಿಸಿದರೆ ಕರೆಗೆ ಹೂಂ, ಅಡ್ಡಕ್ಕೆ ಆಡಿಸಿದರೆ ಊಹೂಂ. ಈ ಎರಡೇ ಉತ್ತರಗಳಲ್ಲಿ ಬದುಕು ಸಾಗಿಸುವವರು ಕ್ಯಾಲಿಫೋರ್ನಿಯಾದಲ್ಲಿ ಇರಬಹುದು. ಮದುವೆಮನೆಯಲ್ಲಿ "ಇನ್ನೊಂದು ಹೋಳಿಗೆ?" ಎಂದಾಗ ನಮ್ಮ ತಲೆ ಎರಡೂ ಭುಜಗಳ ಕಡೆಗೆ ಒಮ್ಮೊಮ್ಮೆ ವಾಲುತ್ತದಲ್ಲ, ಅದು ಬೇಡವೆಂಬ ಬೇಕು, ಡಯಾಬಿಟಿಸ್ ಇದೆಯೆಂಬ ಅಳುಕು, ಹೆಂಡತಿ ನೋಡುತ್ತಿಲ್ಲ ತಾನೇ ಎಂಬ ವಿಚಾರಣೆ. ಬಡಿಸುವವನು ಅಷ್ಟನ್ನೂ ಓದಿಕೊಂಡು ಅರ್ಧ ಹೋಳಿಗೆಗೆ ಎರಡು ಚಮಚ ತುಪ್ಪ ಹಾಕಿ ಮುಂದಿನ ಎಲೆಗೆ ಹೋಗಿರುತ್ತಾನೆ.

ವಿನ್ಯಾಸಕಾರರು ಒಮ್ಮೆ ಘಾಟಿ ಸುಬ್ರಹ್ಮಣ್ಯದ ದನದ ಜಾತ್ರೆಗೆ ಬರಬೇಕು. ಎತ್ತಿನ ಬೆಲೆ ಕುದುರುವುದು ಟವೆಲಿನ ಮರೆಯಲ್ಲಿ, ಬೆರಳು ಹಿಡಿದು. ಯಾವ ಬೆರಳಿಗೆ ಎಷ್ಟು ಎಂಬುದು ದಲ್ಲಾಳಿಗೂ ರೈತನಿಗೂ ಗೊತ್ತು, ಪಕ್ಕದಲ್ಲೇ ಕತ್ತು ಚಾಚಿ ನಿಂತವನಿಗೆ ಗೊತ್ತಾಗುವುದಿಲ್ಲ. ಗೌಪ್ಯತಾ ನೀತಿ ಎಂದರೆ ಒಂದು ಟವೆಲು, ಅಷ್ಟೇ. ಅನುಮಾನ ಬಂದರೆ ಎದುರಿನವನು ಬೆರಳನ್ನು ಮತ್ತೊಮ್ಮೆ ಅದುಮಿ ಕೇಳುತ್ತಾನೆ. ಗಾಳಿಯಲ್ಲಿ ಬೀಸಿದ ಕೈಯನ್ನು ಯಾರು ಅದುಮಬೇಕು?

ಅಂದ ಹಾಗೆ ನಾವು ಐವರೂ ಇನ್ನೂ ನೊರೆಗೈಯಲ್ಲೇ ಇದ್ದೆವು. ನೆಲ ಒರೆಸುವ ಹುಡುಗ ಬಂದವನೇ ಕೋಲಿನ ಹಿಡಿಯಿಂದ ನಡುವಿನ ನಲ್ಲಿಯ ಕತ್ತಿಗೆ ಟಣ್ ಎಂದು ಒಂದು ಕೊಟ್ಟ. ನೀರು ಭೋರ್ಗರೆಯಿತು. "ಇದಕ್ಕೆ ಹೀಗೇ ಸರ್, ಬೇಗ ತೊಳೆದುಕೊಳ್ಳಿ" ಎಂದ. ಹತ್ತು ಕೈಗಳು ಒಂದೇ ನಲ್ಲಿಯ ಕೆಳಗೆ ತೂರಿಕೊಂಡವು.