ಎಂಟು ಅಡಿ ರಾಡು, ಏಳು ಅಡಿ ಲಿಫ್ಟು

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಮಂಗಳೂರಿನ ಕಡಲು ಇಲ್ಲಿಂದ 350 ಕಿಲೋಮೀಟರ್ ದೂರ, ಮಧ್ಯೆ ಘಾಟಿ ಬೇರೆ, ಆದ್ರೂ ಇಲ್ಲಿ ಕೂತು ಟ್ಯೂನಾ ಹಿಡಿಯೋಕೆ ಗಾಳದ ದಾರ ಸುತ್ತೋ ರೀಲ್ ಯಾವ್ದು ಬೆಸ್ಟು ಅಂತ ನಡುರಾತ್ರಿ ತನಕ ವಿಡಿಯೋ ನೋಡೋ ಜನ ಇದಾರೆ ಅಂತ ನಂಗೊತ್ತಾಗಿದ್ದು ನಮ್ಮ ಬಾಮೈದ ಕೆಲಸ ಸಿಕ್ತು ಅಂತ ಮಲ್ಪೆಯಿಂದ ಬಂದು ನಮ್ಮನೇಲಿ ಠಿಕಾಣಿ ಹೂಡಿದ ಮೇಲೆ. ಊರಲ್ಲಿ ಕಡಲ ಪಕ್ಕದಲ್ಲೇ ಬೆಳೆದಿದ್ದಾನೆ, ಆವಾಗ ಒಂದು ಗಾಳ ಹಿಡಿದವನಲ್ಲ. ಎಚ್‌ಎಸ್‌ಆರ್ ಲೇಔಟಿಗೆ ಬಂದ ಮೇಲೆ ಇವನಿಗೆ ಸಮುದ್ರ ನೆನಪಾಯ್ತು.

"ಭಾವ, ನಾವು ಪೆಲಾಜಿಕ್ ಮೀನಿಗೆ ಹೋಗುವ" ಅಂದ. ತಳದಲ್ಲಿ ಕಲ್ಲು ಸಂದೀಲಿ ಕೂರೋ ಮೀನಲ್ಲ, ಮೇಲ್ನೀರಲ್ಲಿ ಗುಂಪು ಕಟ್ಕೊಂಡು ಊರೂರು ಸುತ್ತೋ ಜಾತಿ, ಅಂಜಲ್ಲು, ಟ್ಯೂನಾ, ಬರ್ರಾಕುಡಾ ಥರದ್ದು ಅಂತ ವಿವರಿಸಿದ. ಒಳಗಿಂದ ನಮ್ಮಾಕೆ "ಬಂಗುಡೆ, ಬೂತಾಯಿ ಕೂಡ ಅದೇ ಅಲ್ವಾ ಮಾರಾಯಾ, ಅದಕ್ಕೆ ರಾಡ್ ಎಂತಕ್ಕೆ, ಚೀಲ ಸಾಕು" ಅಂದಳು. ವಿಜ್ಞಾನದ ಪ್ರಕಾರ ಅವಳು ಹೇಳಿದ್ದೂ ಸರಿನೇ, ಆದ್ರೆ ನಾವಿಬ್ರೂ ಕೇಳಿಸ್ದೇ ಇದ್ದವರಂಗೆ ಇದ್ವಿ.

ಟ್ಯೂನಾ ಇದೆಯಲ್ಲ, ಅದು ಈಜೋದು ನಿಲ್ಲಿಸಿದ್ರೆ ಉಸಿರು ಕಟ್ಟತ್ತೆ. ಬಾಯಿ ತೆರ್ಕೊಂಡು ಮುಂದೆ ಹೋಗ್ತಾ ಇದ್ರೇನೇ ಕಿವಿರಿಗೆ ನೀರು ಹರಿಯೋದು, ಆಮ್ಲಜನಕ ಸಿಗೋದು. (ಟಿನ್ ಫ್ಯಾಕ್ಟರಿ ಟ್ರಾಫಿಕ್ಕಲ್ಲಿ ಹುಟ್ಟಿದ್ರೆ ವಂಶ ಅಲ್ಲೇ ಮುಗೀತಿತ್ತು.) ಹಾಗಾಗಿ ಇದು ಒಂದು ಕಡೆ ನಿಲ್ಲಲ್ಲ. ಸಣ್ಣ ಮೀನಿನ ಗುಂಪನ್ನ ಕೆಳಗಿಂದ ಅಟ್ಟಿಸ್ಕೊಂಡು ಮೇಲಕ್ಕೆ ತರತ್ತೆ, ಹಕ್ಕಿಗಳು ಮುಗಿಬೀಳ್ತವೆ, ನೀರು ಕುದ್ದಂಗಾಗತ್ತೆ, ನೀವು ಮೊಬೈಲ್ ತೆಗೆಯೋಷ್ಟರಲ್ಲಿ ಎಲ್ಲಾ ಖಾಲಿ, ಇನ್ನೆಲ್ಲೋ ಎದ್ದಿರತ್ತೆ. ಬೋಟನ್ನ ಸೀದಾ ಗುಂಪಿನ ಮೇಲೆ ನುಗ್ಗಿಸಿದ್ರೆ ಇಂಜಿನ್ ಸದ್ದಿಗೆ ಕೆಳಗಿಳಿದುಬಿಡ್ತವೆ. ದೂರದಲ್ಲೇ ನಿಂತು ಉದ್ದಕ್ಕೆ ಎಸೀಬೇಕು, ಬಿದ್ದ ತಕ್ಷಣ ಸ್ಪೀಡಾಗಿ ಸುತ್ತಬೇಕು. ರಾಡು ರೀಲು ಆರಿಸೋ ವಿಷಯ ಪೂರ್ತಿ ಇರೋದು ಈ ಎರಡು ಮಾತಲ್ಲೇ, ಆದ್ರೆ ಬಾಮೈದ ಶುರು ಮಾಡಿದ್ದು ಡ್ರ್ಯಾಗಿಂದ, ಅಂದ್ರೆ ಮೀನು ಜೋರಾಗಿ ಎಳೆದಾಗ ದಾರ ತಡೆದು ತಡೆದು ಬಿಡೋ ರೀಲಿನ ಬ್ರೇಕಿಂದ.

"25 ಕೆಜಿ ಡ್ರ್ಯಾಗ್ ಉಂಟು ಭಾವ ಇದಕ್ಕೆ!" ಅಂತ ದೊಡ್ಡ ಸೈಜಿನ ರೀಲ್ ತೋರಿಸಿದ, ಶಿಮಾನೋ ಸ್ಟೆಲ್ಲಾ, ಡೈವಾ ಸಾಲ್ಟಿಗಾ ಅಂತೆಲ್ಲ, ಆ ದುಡ್ಡಿಗೆ ಓಡೋ ಕಂಡೀಷನ್ನಿನ ಸೆಕೆಂಡ್ ಹ್ಯಾಂಡ್ ಸ್ಕೂಟರ್ ಬರತ್ತೆ. ನಾನು ಏನೂ ಮಾತಾಡದೆ ಅಡುಗೆಮನೆ ಬಾಗಿಲಲ್ಲಿದ್ದ 20 ಲೀಟರಿನ ನೀರಿನ ಕ್ಯಾನ್ ತೋರಿಸಿದೆ. ಅದನ್ನ ಎಂಟಡಿ ಕೋಲಿನ ತುದಿಗೆ ಕಟ್ಟಿ, ಅಲುಗಾಡೋ ದೋಣಿ ಮೇಲೆ ನಿಂತು ಎತ್ತು ನೋಡೋಣ, ಅದೂ 20 ಕೆಜಿಯಷ್ಟೇ, ಇನ್ನೂ 5 ಬಾಕಿ. ರೀಲಿಗೆ ಶಕ್ತಿ ಇರಬಹುದಪ್ಪಾ, ಸೊಂಟ ನಮ್ದಲ್ವಾ.

ಎಲ್ರೂ ರೀಲಿಂದ ಶುರು ಮಾಡ್ತಾರೆ ಯಾಕಂದ್ರೆ ಅದು ಮಿಂಚತ್ತೆ, ಸುತ್ತಿದ್ರೆ ಕಿರಕಿರ ಅನ್ನಲ್ಲ, ನಾಲ್ಕು ಜನಕ್ಕೆ ತೋರಿಸಬಹುದು. ನನ್ನ ಪ್ರಕಾರ ಶುರು ಮಾಡಬೇಕಾಗಿರೋದು ಲೂರಿನ, ಅಂದ್ರೆ ಗಾಳಕ್ಕೆ ಕಟ್ಟೋ ಸುಳ್ಳು ಮೀನಿನ, ತೂಕದಿಂದ. ಸಣ್ಣ ಟ್ಯೂನಾಗಳು ಬೆರಳುದ್ದದ ಮೀನು ತಿಂತಾ ಇದ್ದಾಗ ಗೇಣುದ್ದದ ಮರದ ಪಾಪ್ಪರ್ (ನೀರ ಮೇಲೆ ಸದ್ದು ಮಾಡ್ತಾ ಬರೋ ಲೂರು) ಎಸೆದ್ರೆ ತಿರುಗಿನೂ ನೋಡಲ್ಲ, ಅದಕ್ಕೆ 30-40 ಗ್ರಾಂನ ಮೆಟಲ್ ಜಿಗ್, ಅಂದ್ರೆ ಲೋಹದ ಲೂರು ಬೇಕು. ಆದ್ರೆ ಬಂಡೆ ಪಕ್ಕದ ಜೈಂಟ್ ಟ್ರೆವಲಿ ಅನ್ನೋ ದೊಡ್ಡ ಮೀನಿಗೆ ಅಂತ ಮಾಡಿರೋ ಪಿಇ 8ರ (ಪಿಇ ಅಂದ್ರೆ ದಾರದ ದಪ್ಪದ ನಂಬರು) ರಾಡಲ್ಲಿ 30 ಗ್ರಾಂ ಎಸೆದ್ರೆ ರಾಡು ಬಗ್ಗೋದೇ ಇಲ್ಲ, ಬಗ್ಗದ ರಾಡು ಎಸೆಯಲ್ಲ, ಲೂರು ಕಾಲ ಬುಡದಲ್ಲೇ ಬೀಳತ್ತೆ. ಉಲ್ಟಾ ಮಾಡಿ ತೆಳು ರಾಡಲ್ಲಿ 120 ಗ್ರಾಂನ ಪಾಪ್ಪರ್ ಎಸೆದ್ರೆ ರಾಡೇ ಹೋಗತ್ತೆ. ಹಾಗಾಗಿ ಒಂದೇ ಸೆಟ್ಟಲ್ಲಿ ಎಲ್ಲಾ ಆಗಲ್ಲ, ಆಗತ್ತೆ ಅಂತ ಹೇಳೋನು ಒಂದೋ ಅಂಗಡಿಯವನು ಇಲ್ಲಾ ಬಾಮೈದ.

ನಮಗೆ ಬೇಕಾಗಿದ್ದು ಮುಖ್ಯವಾಗಿ ಅಂಜಲ್ಲು, ಬಿದ್ರೆ ಟ್ಯೂನಾ. ಅದಕ್ಕೆ ಮಧ್ಯದ ದಾರಿ ಹಿಡಿದ್ವಿ, 40ರಿಂದ 80 ಗ್ರಾಂ ಎಸೆಯೋ ರಾಡು, ಪಿಇ 4ರ ಬ್ರೇಡು ಅಂದ್ರೆ ಹೆಣೆದ ದಾರ, 8000 ಸೈಜಿನ ಸ್ಪಿನ್ನಿಂಗ್ ರೀಲು. ಗೇರ್ ರೇಶಿಯೋ 6ರ ಆಸುಪಾಸು, ಅಂದ್ರೆ ಹಿಡಿ ಒಂದು ಸುತ್ತು ಸುತ್ತಿದ್ರೆ ಮೀಟರಿಗಿಂತ ಜಾಸ್ತಿ ದಾರ ಒಳಗೆ ಬರತ್ತೆ, ಅಂಜಲ್ಲಿಗೆ ಆ ಓಟ ಬೇಕು, ನಿಧಾನವಾಗಿ ಬರೋ ಊಟ ಅದಕ್ಕೆ ಅನುಮಾನ.

ಉದ್ದದ ಬಗ್ಗೆ ಮಾತ್ರ ಬಹಳ ಜಗಳ ಆಯ್ತು. ರಾಡು ಉದ್ದ ಇದ್ದಷ್ಟೂ ದೂರ ಹೋಗತ್ತೆ, ಆದ್ರೆ ಮೀನು ಸಿಕ್ಕಿದ ಮೇಲೆ ಅದೇ ಉದ್ದ ನಮ್ಮ ವಿರುದ್ಧ ತಿರುಗತ್ತೆ, ತುದೀಲಿ ಮೀನು ಎಳೀತಾ ಇರತ್ತೆ ಬುಡದಲ್ಲಿ ನಾವು. ದಡದ ಬಂಡೆ ಮೇಲಿಂದ ಎಸೆಯೋರಿಗೆ ಹತ್ತಡಿ ಸರಿ, ಬೋಟಿಗೆ ಏಳೂವರೆಯಿಂದ ಎಂಟು ಅಡಿ ಸಾಕು. ಬಾಮೈದ ಎಂಟಡಿಯ ಒಂದೇ ತುಂಡಿನದ್ದೇ ಬೇಕು ಅಂತ ಹಠ ಹಿಡಿದ, ಜಾಯಿಂಟ್ ಇದ್ರೆ ಫೀಲ್ ಹೋಗತ್ತಂತೆ. ಆನ್‌ಲೈನಲ್ಲಿ ತರಿಸಿದ. ಡೆಲಿವರಿ ಹುಡುಗ ಸ್ಕೂಟರಿಗೆ ಅಡ್ಡ ಕಟ್ಕೊಂಡು ಅದು ಹೆಂಗೆ ತಂದನೋ ಆ ದೇವರಿಗೇ ಗೊತ್ತು, ಲಿಫ್ಟ್ ಹತ್ರ ಬಂದು ನಿಂತ. ನೆಟ್ಟಗಿಟ್ರೂ ಹಿಡಿಸ್ಲಿಲ್ಲ, ಓರೆ ಇಟ್ರೂ ಹಿಡಿಸ್ಲಿಲ್ಲ. ಐದನೇ ಮಹಡಿಗೆ ಮೆಟ್ಟಿಲಲ್ಲಿ ತರೋವಾಗ ಪ್ರತಿ ತಿರುವಲ್ಲೂ ಯಾರದ್ದೋ ಮನೆ ಬೆಲ್ ಹೊಡೀತಿತ್ತು, ಮೂರನೇ ಮಹಡಿಯವರು ಬಾಗಿಲು ತೆಗೆದು ಚಂದಾ ಕೇಳೋಕೆ ಬಂದಿದ್ದೀರಾ ಅಂತ ಕೇಳಿದ್ರು.

ಆ ರಾಡು ಮನೇಲಿ ಬಾಳಿದ್ದು ಹತ್ತು ನಿಮಿಷ. ಕಾರ್ಬನ್ ರಾಡುಗಳನ್ನ ಮೀನು ಮುರಿಯೋದು ಕಮ್ಮಿ, ಮುರಿಯೋದು ಕಾರ್ ಡಿಕ್ಕಿ, ಬಾಗಿಲು ಮತ್ತೆ ಸೀಲಿಂಗ್ ಫ್ಯಾನು. ಹಾಲಲ್ಲಿ ನಿಂತು "ಆ್ಯಕ್ಷನ್ ನೋಡಿ ಭಾವ" ಅಂತ ಬೀಸಿದ, ಫ್ಯಾನು ಐದರಲ್ಲಿತ್ತು. ಟಕ್ ಅಂತು. ತುದಿ ಹೋಗಿ ದೇವರಮನೆ ಮುಂದೆ ಬಿತ್ತು. "ಅಲ್ಲಿ ಹೋಗಿಯಾದ್ರೂ ಬೀಳ್ತಲ್ಲ, ಪುಣ್ಯ" ಅಂದಳು ನಮ್ಮಾಕೆ. ಎರಡನೇದು ಎರಡು ತುಂಡಿನದ್ದು ಬಂತು, ಲಿಫ್ಟಲ್ಲೇ ಬಂತು, ಫೀಲ್ ಬಗ್ಗೆ ಆಮೇಲೆ ಯಾರೂ ಮಾತೆತ್ತಲಿಲ್ಲ.

ಬ್ರೇಡ್ ತುಂಬೋದು ಇನ್ನೊಂದು ಕಥೆ. ರೀಲಲ್ಲಿ ದಾರ ಸುತ್ತೋ ಖಾಲಿ ಸ್ಪೂಲ್ ಮೇಲೆ ಸೀದಾ ಬ್ರೇಡ್ ಸುತ್ತಿದ್ರೆ ಲೋಡ್ ಬಿದ್ದಾಗ ಪೂರ್ತಿ ಸುತ್ತೇ ಜಾರತ್ತೆ, ಅದಕ್ಕೆ ಅಡಿಯಲ್ಲಿ ಸ್ವಲ್ಪ ನೈಲಾನ್ ದಾರ ಹಾಕ್ತಾರೆ. ಸಡಿಲವಾಗಿ ಸುತ್ತಿದ್ರೆ ಮೇಲಿನ ದಾರ ಕೆಳಗಿನ ಸುತ್ತಿನೊಳಗೆ ಹೂತುಹೋಗಿ, ಮುಂದಿನ ಸಲ ಎಸೆದಾಗ ದಾರ ಕಚ್ಕೊಂಡು ಲೂರು ಒಂದೇ ಹಾರಿ ಹೋಗತ್ತೆ. ಹಾಗಾಗಿ ಒಬ್ಬರು ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡ್ಕೊಂಡಿರಬೇಕು, ಇನ್ನೊಬ್ಬರು ಸುತ್ತಬೇಕು. 300 ಮೀಟರ್. ಹಿಡಿಯೋ ಕೆಲಸ ನಮ್ಮಾಕೆಗೆ ಬಂತು, ಟಿವೀಲಿ ಸೀರಿಯಲ್ ಬರ್ತಿತ್ತು. ಅತ್ತೆ ಸೊಸೆ ಜಗಳ ಬಂದಾಗೆಲ್ಲ ದಾರ ಉಕ್ಕಿನ ತಂತಿಯಂಗೆ ಬಿಗಿ, ಜಾಹೀರಾತು ಬಂದ್ರೆ ಸಡಿಲ. ನಮ್ಮ ಸ್ಪೂಲನ್ನ ಕುಯ್ದು ನೋಡಿದ್ರೆ ಆ ಎಪಿಸೋಡಿನ ಕಥೆ ಪೂರ್ತಿ ಓದಬಹುದು.

ಡ್ರ್ಯಾಗ್ ಸೆಟ್ ಮಾಡೋದಕ್ಕೆ ತಕ್ಕಡಿ ಬೇಕು. ಪಿಇ ನಂಬರನ್ನ ಹತ್ತರಿಂದ ಗುಣಿಸಿದ್ರೆ ಅಂದಾಜಿಗೆ ದಾರ ತಡೆಯೋ ಪೌಂಡು, ಅಂದ್ರೆ ನಮ್ದು 40 ಪೌಂಡು, ಸುಮಾರು 18 ಕೆಜಿ. ಅದರ ಮೂರನೇ ಒಂದು ಭಾಗಕ್ಕೆ ಡ್ರ್ಯಾಗ್ ಇಡಬೇಕು, 6 ಕೆಜಿ. ತಕ್ಕಡಿ ಎಲ್ಲಿಂದ ತರೋದು ಅಂತಿರೋವಾಗ ಕೆಳಗೆ "ಪೇಪಾಆಆರ್" ಅಂತ ಕೂಗು ಕೇಳ್ತು. ರದ್ದಿಯವನ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ಅವನ ಕೈಲೇ ಹಿಡಿಸಿ, ಬಾಮೈದ ರಾಡು ಬಗ್ಗಿಸಿ ಎಳೆದ. ಬರೀ 6 ಕೆಜಿಗೇ ಅವನ ಮುಖ ಕೆಂಪಾಯ್ತು, ಮುಂಗೈ ನಡುಗ್ತು, 25 ಕೆಜಿ ಮಾತು ಅವತ್ತಿಗೆ ಮುಗೀತು. ರದ್ದಿಯವನು ಪಾಪ ಗಂಭೀರವಾಗಿ ಮುಳ್ಳು ನೋಡ್ತಿದ್ದ. "ಆರು ಆಯ್ತು ಸಾರ್. ಕೋಲೂ ಹಾಕ್ತೀರಾ?"

ಎಸೆಯೋ ಪ್ರಾಕ್ಟೀಸು ಟೆರೇಸ್ ಮೇಲೆ. ಕೆರೇಲಿ ಯಾಕೆ ಮಾಡ್ಲಿಲ್ಲ ಅಂದ್ರೆ ಅಲ್ಲಿ ವಾಕಿಂಗ್ ಬರೋ ಜನ ಮೀನಿಗಿಂತ ಜಾಸ್ತಿ. ಕೊಕ್ಕೆ ಎಲ್ಲಾ ಬಿಚ್ಚಿದ್ವಿ, ಅಷ್ಟು ಬುದ್ಧಿ ಇತ್ತು. 80 ಗ್ರಾಂನ ಪಾಪ್ಪರು, ಹಿಂದಿಂದ ಗಾಳಿ, ಬಾಮೈದನ ಜೋಶು, ಮೂರೂ ಸೇರಿ ಅದು ರಸ್ತೆ ದಾಟಿ ಎದುರು ಬಿಲ್ಡಿಂಗಿನ ಆಂಟಿ ಒಣಗಾಕಿದ್ದ ಅರಳು ಸಂಡಿಗೆ ಮಧ್ಯೆ ಲ್ಯಾಂಡ್ ಆಯ್ತು. ದಾರ ಹೋಗಿ ಕಂಬದ ಮೇಲಿದ್ದ ಇಂಟರ್ನೆಟ್ ಕೇಬಲ್ ಗೊಂಚಲಿನ ಮೇಲೆ ಕೂತ್ಕೊಂಡ್ತು, ಅಲ್ಲಿ ಅಷ್ಟೊಂದು ಇರೋವಾಗ ಇದೊಂದು ಯಾರಿಗೂ ಹೆಚ್ಚು ಅನ್ನಿಸ್ಲಿಲ್ಲ. ಬ್ರೇಡನ್ನ ಕೈಗೆ ಸುತ್ಕೊಂಡು ಎಳೀಬಾರ್ದು, ಚರ್ಮ ಕುಯ್ಯತ್ತೆ, ಕತ್ತರಿಸೋದೊಂದೇ ದಾರಿ, ಕತ್ತರಿಸಿದ್ವಿ. ಪಾಪ್ಪರ್ ಕೇಳೋಕೆ ಹೋದ್ರೆ ಆಂಟಿ, "ಸಂಡಿಗೆ ಯಾರಪ್ಪ ಕೊಡ್ತಾರೆ?" ಅಂದ್ರು. ಅಷ್ಟರಲ್ಲಿ ಅವರ ಮೊಮ್ಮಗಳು ಅದರ ದೊಡ್ಡ ಕಣ್ಣು, ತೆರೆದ ಬಾಯಿ ನೋಡಿ ಅದಕ್ಕೊಂದು ಹೆಸರೂ ಇಟ್ಟಿದ್ದಳು. ವಾಪಸ್ ಬರಲಿಲ್ಲ.

ಇಷ್ಟೆಲ್ಲ ಮುಗಿಯೋಷ್ಟರಲ್ಲಿ ಜೂನ್ ಬಂತು. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳೀಲಿ ಯಾಂತ್ರೀಕೃತ ದೋಣಿಗಳು ಮೀನಿಗೆ ಹೋಗೋ ಹಾಗಿಲ್ಲ, ಕಡಲೂ ಬಿಡಲ್ಲ. ಆ ಎರಡು ತಿಂಗಳು ಬಾಮೈದ ಕಿಟಕಿ ಗ್ರಿಲ್ಲಿಗೆ ಕಟ್ಕೊಂಡು ಬ್ರೇಡಿಗೂ ಲೀಡರಿಗೂ (ಬ್ರೇಡಿನ ತುದೀಲಿ ಸೇರಿಸೋ ಗಟ್ಟಿ ದಾರ) ಎಫ್‌ಜಿ ಅನ್ನೋ ಗಂಟು ಹಾಕೋದು ಕಲಿತ. ಈ ಗಂಟು ಉಬ್ಬಲ್ಲ, ರಾಡಿನ ರಿಂಗಲ್ಲಿ ತೊಡರದೆ ಸಲೀಸಾಗಿ ಹೊರಗೆ ಹೋಗತ್ತೆ. ತುದಿಗೆ ಗಿಡ್ಡ ಸ್ಟೀಲ್ ತಂತಿ ಹಾಕಬೇಕಾ ಬೇಡ್ವಾ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ, ಅಂಜಲ್ಲಿನ ಹಲ್ಲಿಗೆ ತಂತಿ ಬೇಕು, ಟ್ಯೂನಾದ ಕಣ್ಣಿಗೆ ಬೀಳಬಾರ್ದು. ನಮ್ಮಾಕೆ ಕಿಟಕಿ ಪರದೆ ಹಾಕೋಕೆ ಆಗ್ತಿಲ್ಲ ಅನ್ನೋದನ್ನ ಬಿಟ್ಟು ಬೇರೆ ಅಭಿಪ್ರಾಯ ಹೇಳ್ಲಿಲ್ಲ.

ಕೊನೆಗೆ ಸೆಪ್ಟೆಂಬರಲ್ಲಿ ಮಳೆ ಕಮ್ಮಿಯಾದ ಮೇಲೆ ಹೊರಟ್ವಿ. ರಾಡಿಗೆ ಕವರ್ ಅಂತ ಹಾರ್ಡ್‌ವೇರ್ ಅಂಗಡಿಯಿಂದ ಪಿವಿಸಿ ಪೈಪ್ ಕುಯ್ಸಿ, ಎರಡೂ ಕಡೆ ಮುಚ್ಚಳ ಹಾಕ್ಸಿದ್ವಿ, ಅದಕ್ಕಿಂತ ಗಟ್ಟಿ ಬ್ಯಾಗು ಯಾವ ಕಂಪನಿನೂ ಮಾಡಲ್ಲ. ರಾತ್ರಿ ಬಸ್ಸಲ್ಲಿ ಡಿಕ್ಕಿಗೆ ಹಾಕೋಕೆ ಮನಸ್ಸಾಗದೆ ಬಾಮೈದ ಅದನ್ನ ತೊಡೆ ಮಧ್ಯೆ ನಿಲ್ಲಿಸ್ಕೊಂಡು ಕೂತಿದ್ದ. ಪಕ್ಕದ ಸೀಟಿನ ಹಿರಿಯರೊಬ್ಬರು ನೆಲಮಂಗಲದ ತನಕ ಪೈಪನ್ನೇ ನೋಡಿ, ತಡ್ಕೊಳ್ಳೋಕಾಗದೆ ಕೇಳಿದ್ರು.

"ಬೋರಾ ತಮ್ಮಾ?"

"ಅಲ್ಲ ಅಂಕಲ್, ಸಮುದ್ರಕ್ಕೆ ಹೋಗ್ತಾ ಇದ್ದೇವೆ."

ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ತಲೆಯಾಡಿಸಿದ್ರು. "ಅಷ್ಟು ದೂರ ಹೋಗಿ ಪೈಪ್ ಇಳಿಸಿ ಏನ್ ಪ್ರಯೋಜನ, ಅದು ಉಪ್ಪು ನೀರಲ್ವಾ."