ಪೋಷಕರ ಸಹಿ

ಈಜುಕೊಳದ ಪ್ರವಾಸಕ್ಕೆಂದು ಮಗಳ ಶಾಲೆಯಿಂದ ಬಂದ ಒಪ್ಪಿಗೆ ಪತ್ರದಲ್ಲಿ ನಾನು ನಾಲ್ಕು ಕಡೆ ಸಹಿ ಹಾಕಬೇಕಿತ್ತು. ಸೊಂಟದಷ್ಟು ನೀರಿನಲ್ಲಿ ಮಕ್ಕಳು ಅರ್ಧ ಗಂಟೆ ಕೈಕಾಲು ಬಡಿಯುವುದರ ಹೊಣೆಯನ್ನು ಯಾರು ಯಾರ ತಲೆಗೆ ಕಟ್ಟುತ್ತಿದ್ದಾರೆಂದು ತಿಳಿಯಲು ಸಣ್ಣಕ್ಷರದ ಷರತ್ತುಗಳನ್ನು ಎರಡು ಸಲ ಓದಿದೆ. ಮೂರನೆಯ ಸಹಿ ಅರ್ಧವಾಗುವಷ್ಟರಲ್ಲಿ ಪೆನ್ನಿನ ಶಾಯಿ ಮುಗಿಯಿತು. ಬೇರೆ ಪೆನ್ನು ತರಲು ಹೋದವನು ಅವಳ ಮೇಜಿನ ಮೇಲೆ ಬೋರಲು ಮಲಗಿದ್ದ ದಪ್ಪನೆಯ ಫ್ಯಾಂಟಸಿ ಕಾದಂಬರಿಯನ್ನು ಎತ್ತಿಕೊಂಡೆ. ತೆರೆದ ಪುಟದಲ್ಲಿ ಅವಳದೇ ವಯಸ್ಸಿನ ಹುಡುಗನೊಬ್ಬ ಸಿಟ್ಟಿನ ಭರದಲ್ಲಿ ಬರಿಗೈಯಿಂದ ಒಂದು ಕಣಜಕ್ಕೆ ಬೆಂಕಿ ಹಚ್ಚಿದ್ದ. ಬೇಲಿಯಾಚೆ ನಿಂತ ಬಿಳಿಗಡ್ಡದ ಮುದುಕ ಅದನ್ನು ನೋಡಿ ಅರ್ಥಗರ್ಭಿತವಾಗಿ ತಲೆಯಾಡಿಸುತ್ತಿದ್ದ. ಒಂದು ಕೊಡ ನೀರು ತರಲಿಲ್ಲ.

ಆ ಮುದುಕನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಂಥ ಕಥೆಗಳಲ್ಲಿ ತಂದೆತಾಯಿ ಮೊದಲ ಅಧ್ಯಾಯಕ್ಕೆ ಮುಂಚೆಯೇ ತೀರಿಕೊಂಡಿರುತ್ತಾರೆ, ಇಲ್ಲವೇ ಮಗುವಿನ ಬೆರಳ ತುದಿಯ ಕಿಡಿ ಕಂಡು ಬೆಚ್ಚಿ ದೂರ ಸರಿದಿರುತ್ತಾರೆ, ಅವರನ್ನು ಕ್ಷಮಿಸಬಹುದು. ಎಲ್ಲ ಬಲ್ಲ ಗುರುವನ್ನು ಹೇಗೆ ಕ್ಷಮಿಸುವುದು? 'ಸಮಯ ಬಂದಾಗ ನಿನಗೇ ತಿಳಿಯುತ್ತದೆ' ಎನ್ನುತ್ತಾನೆ, ಆ ಸಮಯ ಬರುವುದಕ್ಕೆ ಒಂದು ಅಧ್ಯಾಯ ಮುಂಚೆ ಸಾಯುತ್ತಾನೆ.

ಇದ್ದುದರಲ್ಲಿ ಕಾಗದಪತ್ರದ ಶಿಸ್ತು ಕಾಣುವುದು ಹ್ಯಾರಿ ಪಾಟರ್ ಓದುವ ಶಾಲೆಯಲ್ಲಿ. ನನ್ನ ತಲೆ ಹೆಚ್ಚು ಕೆಡುವುದೂ ಅಲ್ಲಿಯೇ. 1997ರ ಮೊದಲ ಪುಸ್ತಕದಲ್ಲಿ, ರಾತ್ರಿ ಹೊತ್ತು ಹೊರಗೆ ತಿರುಗಾಡಿದ ತಪ್ಪಿಗೆ ಶಿಕ್ಷೆಯೆಂದು ಮೊದಲ ವರ್ಷದ ಮಕ್ಕಳನ್ನು ರಾತ್ರಿ ಹೊತ್ತೇ, ಅದೂ ವಿದ್ಯಾರ್ಥಿಗಳು ಕಾಲಿಡಬಾರದೆಂಬ ಕಾಡಿಗೆ, ಗಾಯಗೊಂಡ ಯುನಿಕಾರ್ನ್ ಹುಡುಕಲು ಕಳುಹಿಸುತ್ತಾರೆ. ಯಾರ ಒಪ್ಪಿಗೆಯನ್ನೂ ಕೇಳುವುದಿಲ್ಲ. 1999ರ ಮೂರನೆಯ ಪುಸ್ತಕದಲ್ಲಿ, ಹದಿಮೂರು ತುಂಬಿದ ಅದೇ ಹುಡುಗ ಪಕ್ಕದ ಹಳ್ಳಿಯ ಮಿಠಾಯಿ ಅಂಗಡಿಗೆ ಹೋಗಬೇಕೆಂದರೆ ಪೋಷಕರ ಸಹಿ ಇಲ್ಲದೆ ಆಗುವುದಿಲ್ಲ! ಸಾಕಿದ ಮನೆಯವರು ಹಾಕಿಕೊಡುವುದಿಲ್ಲ. ಪುಸ್ತಕದ ಕೊನೆಯಲ್ಲಿ ಒಪ್ಪಿಗೆ ಬರೆದು ಕಳುಹಿಸುವವನು ಜೈಲಿನಿಂದ ತಪ್ಪಿಸಿಕೊಂಡು ತಲೆಮರೆಸಿಕೊಂಡಿರುವ ಅವನ ಗಾಡ್‌ಫಾದರ್. ಅವನ ಒಂದು ಸಹಿ ಸಾಕು. ನನ್ನವು ಮಾತ್ರ ನಾಲ್ಕು ಬೇಕು.

ಈ ಗುರುಗಳ ಚಾಳಿ ಇಂದು ನಿನ್ನೆಯದಲ್ಲ. ಎರಡನೆಯ ಶತಮಾನದಲ್ಲಿ ಗ್ರೀಕಿನಲ್ಲಿ ಬರೆದ ಲೂಸಿಯನ್ ಒಂದು ಕಥೆ ಹೇಳುತ್ತಾನೆ. ಓದಿ ಬರಲೆಂದು ತಂದೆ ಈಜಿಪ್ಟಿಗೆ ಕಳುಹಿಸಿದ ಯುಕ್ರೇಟಿಸ್ ಎಂಬ ಹುಡುಗನಿಗೆ ನೈಲ್ ನದಿಯ ದೋಣಿಯಲ್ಲಿ ಪ್ಯಾಂಕ್ರೇಟಿಸ್ ಎಂಬ ಮಾಂತ್ರಿಕನ ಗೆಳೆತನವಾಗುತ್ತದೆ. 23 ವರ್ಷ ನೆಲಮಾಳಿಗೆಯಲ್ಲಿ ಕುಳಿತು ವಿದ್ಯೆ ಕಲಿತ ಘನಪಂಡಿತ. ಆಳುಗಳನ್ನೆಲ್ಲ ಬಿಟ್ಟು ಒಬ್ಬನೇ ಬಾ ಎನ್ನುತ್ತಾನೆ, ಹುಡುಗ ಹೋಗುತ್ತಾನೆ. ತಂಗಿದಲ್ಲೆಲ್ಲ ಮಾಂತ್ರಿಕ ಒಂದು ಒನಕೆಗೋ ಪೊರಕೆಗೋ ಬಟ್ಟೆ ಉಡಿಸಿ ಮಂತ್ರ ಹಾಕುತ್ತಾನೆ. ಅದು ಎದ್ದು ನೀರು ಹೊರುತ್ತದೆ, ಅಡುಗೆ ಮಾಡುತ್ತದೆ. ಉಳಿದ ಎಲ್ಲದರಲ್ಲಿಯೂ ಧಾರಾಳಿಯಾದವನು ಆ ಮಂತ್ರವೊಂದನ್ನು ಮಾತ್ರ ಬಾಯಿ ಬಿಡುವುದಿಲ್ಲ. ಹುಡುಗ ಕತ್ತಲಲ್ಲಿ ನಿಂತು ಕದ್ದು ಕೇಳುತ್ತಾನೆ. ಬರೀ ಮೂರು ಅಕ್ಷರ! ಮರುದಿನ ಗುರು ಪೇಟೆಗೆ ಹೋದಾಗ ಒನಕೆಗೆ ಬಟ್ಟೆ ಉಡಿಸಿ ನೀರು ತರಲು ಹೇಳುತ್ತಾನೆ. ಹರವಿ ತುಂಬುತ್ತದೆ, ಸಾಕೆಂದರೆ ಒನಕೆ ಕೇಳುವುದಿಲ್ಲ, ಮನೆಯೊಳಗೆ ನೀರು ಏರುತ್ತದೆ. ಹೆದರಿ ಕೊಡಲಿಯಿಂದ ಸೀಳುತ್ತಾನೆ. ಎರಡು ಹೋಳೂ ಒಂದೊಂದು ಕೊಡ ಹಿಡಿದು ಹೊರಡುತ್ತವೆ.

ಇಷ್ಟು ಎಲ್ಲರಿಗೂ ಗೊತ್ತು. ಜರ್ಮನ್ ಕವಿ ಗಯಟೆ 1797ರಲ್ಲಿ ಇದನ್ನೇ ಪದ್ಯ ಮಾಡಿದ. 1940ರ ಡಿಸ್ನಿ ಚಿತ್ರದಲ್ಲಿ ಮಿಕ್ಕಿ ಮೌಸ್ ಇದೇ ನೀರಿನಲ್ಲಿ ಮುಳುಗೆದ್ದ. ಎರಡರಲ್ಲಿಯೂ ಗುರು ಬಂದು ನೀರು ನಿಲ್ಲಿಸುವಲ್ಲಿಗೆ ಕಥೆ ಮುಗಿಯುತ್ತದೆ. ಲೂಸಿಯನ್ ಅಲ್ಲಿಗೆ ನಿಲ್ಲಿಸುವುದಿಲ್ಲ. ಅವನ ಮಾಂತ್ರಿಕ ಹಿಂದಿರುಗಿ ಹೋಳುಗಳನ್ನು ಮರವಾಗಿಸುತ್ತಾನೆ, ಆಮೇಲೆ ಹುಡುಗನಿಗೆ ಹೇಳದೆ ಕೇಳದೆ ಮಾಯವಾಗುತ್ತಾನೆ. ಬೈಗುಳವಿಲ್ಲ, ನಿಲ್ಲಿಸುವ ಮಂತ್ರದ ಪಾಠವೂ ಇಲ್ಲ. ಮುದುಕನಾದ ಮೇಲೆ ಈ ಕಥೆ ಹೇಳುವ ಯುಕ್ರೇಟಿಸ್‌ಗೆ ಈಗಲೂ ಅರ್ಧ ವಿದ್ಯೆ ಬರುತ್ತದೆ: ಒನಕೆಯನ್ನು ಎಬ್ಬಿಸಬಲ್ಲ, ಮಲಗಿಸಲಾರ. ಎಬ್ಬಿಸಿದರೆ ಮನೆ ಮುಳುಗುವುದೇ ಸೈ. ಬಾಲೆ ಕುಂತಿಗೆ ಮಂತ್ರ ಕೊಟ್ಟು ಹೊರಟುಹೋದ ದೂರ್ವಾಸರೂ ಇದೇ ಪೈಕಿ. ಪರೀಕ್ಷಿಸಿ ನೋಡುವ ವಯಸ್ಸು ಅವಳದು ಎಂಬುದು ಅಷ್ಟು ದೊಡ್ಡ ಋಷಿಗೆ ಹೊಳೆಯಲಿಲ್ಲ.

ನನಗೆ ಹಿಡಿಸುವವಳು ಒಬ್ಬಳೇ, ಅವಳನ್ನು ಯಾರೂ ಗುರುಗಳ ಪಟ್ಟಿಗೆ ಸೇರಿಸುವುದಿಲ್ಲ. ಅರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ಅರ್ಥ್‌ಸೀ ಕಾದಂಬರಿಯಲ್ಲಿ ತಾಯಿ ಇಲ್ಲದ ಗೆಡ್‌ಗೆ ಮೊದಲ ಪಾಠ ಹೇಳುವುದು ಊರಿನ ಮಾಟಗಾತಿಯಾದ ಅವನ ತಾಯಿಯ ಅಕ್ಕತಂಗಿ. ಅವಳಿಗೆ ಗೊತ್ತಿರುವುದು ಅಷ್ಟಕ್ಕಷ್ಟೆ, ಉದ್ದೇಶವೂ ಪೂರ್ತಿ ಶುದ್ಧವಲ್ಲ. ಆದರೆ ಅವಳ ಬಾಯಿಂದಲೇ ಕೇಳಿದ ಪದಗಳನ್ನು ಹುಡುಗ ಕೂಗಿ, ಮೇಕೆಗಳು ಅವನನ್ನು ಒತ್ತಿ ಮುತ್ತಿ ಬಿಡದೆ ನಿಂತಾಗ, ಹೊರಗೆ ಓಡಿ ಬಂದು ಅವನ್ನು ಬಿಡಿಸಿದವಳು ಅವಳು. ಆಮೇಲೆ ಬರುವ ಓಗಿಯಾನ್ ಮಹಾಜ್ಞಾನಿ, ಒಪ್ಪುತ್ತೇನೆ. ಆದರೂ ಅವನು ಮನೆಯಲ್ಲಿಲ್ಲದ ಹೊತ್ತಿನಲ್ಲೇ ಹುಡುಗ ಅವನ ಗ್ರಂಥ ತೆರೆದು ಕತ್ತಲನ್ನು ಒಳಗೆ ಕರೆದುಕೊಂಡದ್ದು.

ಹಾಗಾದರೆ ಈ ಮಕ್ಕಳ ಹೊಣೆ ನಿಜವಾಗಿ ಯಾರದು ಎಂದು ಒಂದು ತೀರ್ಮಾನಕ್ಕೆ ಬರುವುದರಲ್ಲಿದ್ದೆ. ಅಷ್ಟರಲ್ಲಿ ಮಗಳು ಬಂದು ಪುಸ್ತಕ ಕಿತ್ತುಕೊಂಡಳು. ಮುದುಕ ನೀರು ತರಲಿಲ್ಲವೆಂದು ದೂರಿದೆ.

'ಅವನು ಆ ಹುಡುಗನ ಅಜ್ಜ. ಮೂರನೇ ಭಾಗದಲ್ಲಿ ಗೊತ್ತಾಗುತ್ತದೆ' ಎಂದಳು.

ಅಜ್ಜ! ಸಿಟ್ಟು ಇನ್ನಷ್ಟು ಏರಿತು. ಹೊಸ ಪೆನ್ನಿನಿಂದ ಮೂರನೆಯ ಸಹಿಯನ್ನು ಮುಗಿಸಿ ನಾಲ್ಕನೆಯದನ್ನೂ ಹಾಕಿದೆ, ಸುಮ್ಮನಿರಲಾರದೆ ಷರತ್ತುಗಳನ್ನು ಮೂರನೆಯ ಸಲ ಓದಿದೆ. ಟವೆಲಿನ ಅಳತೆ, ಬಸ್ಸು ಹೊರಡುವ ಹೊತ್ತು, ಕಳೆದ ವಸ್ತುಗಳಿಗೆ ಶಾಲೆ ಹೊಣೆಯಲ್ಲ ಎಂಬುದು, ಎಲ್ಲವೂ ಇದ್ದವು. ಮಕ್ಕಳ ಜೊತೆ ನೀರಿಗೆ ಇಳಿಯುವವರು ಯಾರು ಎಂಬುದು ಎಲ್ಲಿಯೂ ಇರಲಿಲ್ಲ. ಅಂಚಿನಲ್ಲಿ ಜಾಗವಿದ್ದಷ್ಟರಲ್ಲಿ ಆ ಪ್ರಶ್ನೆಯನ್ನು ಬರೆದು, ಕೆಳಗೆ ಐದನೆಯ ಸಹಿ ಹಾಕಿದೆ.